ಹೊಲ, ಕ್ಷೇತ್ರ, ಫೀಲ್ಡ್

(ಪಸ್ತಾಪುರದಲ್ಲಿ ಕನ್ನಡ ಮಾಧ್ಯಮ ಶಿಕ್ಷಕರನ್ನು ಉದ್ದೇಶಿಸಿ ಮಾಡಿದ ಉಪನ್ಯಾಸದ ಪಠ್ಯ)



ನಾನು ವಿಜ್ಞಾನ ಶಿಕ್ಷಕನಾಗಿ ಸೇವೆಗೆ ಸೇರಿದ ಮೊದಲ ವರ್ಷಗಳ ಒಂದು ಪ್ರಸಂಗದಿಂದ ಆರಂಭಿಸುತ್ತೇನೆ. ಹತ್ತನೆಯ ತರಗತಿಯಲ್ಲಿ ಕಾಂತತ್ವದ ಪಾಠ ನಡೆದಿತ್ತು. ಕಾಂತದ ಪ್ರಭಾವವು ಕಂಡುಬರುವ ಸುತ್ತಲಿನ ಪ್ರದೇಶವನ್ನು ಕಾಂತಕ್ಷೇತ್ರ ಎನ್ನುವರು ಎಂಬ ವ್ಯಾಖ್ಯೆಯನ್ನು ಕರಿಹಲಗೆಯ ಮೇಲೆ ಬರೆದು, ಎರಡು ಸಲ ಎಲ್ಲರಿಂದ ಹೇಳಿಸಿ, ಸಂದೇಹವಿದ್ದವರು ಕೇಳಬಹುದೆಂದೆ. ಒಕ್ಕಲುತನದ ಮನೆಯಿಂದ ಬಂದ ಹುಡುಗಿಯೊಬ್ಬಳು ಎದ್ದು ನಿಂತು, ‘ಸರ್, ಈ ಕಾಂತಕ್ಷೇತ್ರ ಎಷ್ಟು ಎಕರೆ ಇರ್ತದ್ರೀ?’ ಎಂದಳು. ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆ. ‘ಇದು ಹೊಲವಲ್ಲಮ್ಮ, ಕುಳಿತುಕೋ’ ಎಂದು ಪಾಠವನ್ನು ಮುಂದುವರಿಸಿದೆ. ಆ ವರ್ಷ ಆಕೆ ಮತ್ತೊಂದು ಪ್ರಶ್ನೆಯನ್ನು ಕೇಳಲಿಲ್ಲ.

ಆ ಪ್ರಶ್ನೆ ತಪ್ಪಾಗಿರಲಿಲ್ಲವೆಂಬುದು ನನಗೆ ಅರಿವಾದದ್ದು ಬಹಳ ತಡವಾಗಿ. ನಾನು ಬರೆಸಿದ ವ್ಯಾಖ್ಯೆಯಲ್ಲಿ ಕಾಂತಕ್ಷೇತ್ರವು ಒಂದು ‘ಪ್ರದೇಶ’ವಾಗಿತ್ತು. ಪ್ರದೇಶವೆಂದ ಮೇಲೆ ಅದಕ್ಕೆ ಅಳತೆಯಿರಬೇಕು, ಎಲ್ಲೆಯಿರಬೇಕು. ಹೊಲದ ಅಳತೆ ಎಕರೆಯಲ್ಲಿ ಎಂಬುದನ್ನು ಬಲ್ಲ ಮಗು ಕ್ಷೇತ್ರದ ಅಳತೆಯನ್ನು ಎಕರೆಯಲ್ಲಿ ಕೇಳಿತು. ನಗೆಗೆ ಅಲ್ಲಿ ಏನಾದರೂ ಕಾರಣವಿದ್ದರೆ ಅದು ನನ್ನ ವ್ಯಾಖ್ಯೆಯೇ ಹೊರತು ಆಕೆಯ ಪ್ರಶ್ನೆಯಲ್ಲ. ಈ ದಿನ ನಾನು ಮಾತನಾಡಬೇಕಾಗಿರುವುದು ಇಂಗ್ಲಿಷಿನ ‘ಫೀಲ್ಡ್’ ಎಂಬ ಸಾಮಾನ್ಯ ಶಬ್ದವನ್ನೂ, ಅದಕ್ಕೆ ಪ್ರತಿಯಾಗಿ ನಾವು ಇರಿಸಿಕೊಂಡಿರುವ ‘ಕ್ಷೇತ್ರ’ವನ್ನೂ ಕುರಿತು. ಆ ಹುಡುಗಿಯ ಪ್ರಶ್ನೆಗೆ ಇಂದು ನಾನು ಕೊಡಬಹುದಾದ ಉತ್ತರವೆಂದೂ ಇದನ್ನು ತಾವು ಭಾವಿಸಬಹುದು.

ನಮ್ಮ ವಿದ್ಯಾರ್ಥಿಯ ಒಂದು ದಿನವನ್ನು ಗಮನಿಸೋಣ. ಬೆಳಗ್ಗೆ ಮನೆಯವರು ಹೊಲಕ್ಕೆ ಹೋಗುತ್ತಾರೆ. ನೆರೆಮನೆಯ ತೆಲುಗರು ಅದನ್ನೇ ಪೊಲಂ ಎನ್ನುತ್ತಾರೆ, ಪೇಟೆಯ ಉರ್ದು ಮಾತಿನಲ್ಲಿ ಅದು ಖೇತ್. ಶ್ರಾವಣದಲ್ಲಿ ಕುಟುಂಬವು ಝರಾಸಂಗಮದ ಕೇತಕಿ ಸಂಗಮೇಶ್ವರನ ದರ್ಶನಕ್ಕೆ ಹೋದರೆ ಅದು ಪುಣ್ಯಕ್ಷೇತ್ರ. ಚುನಾವಣೆ ಬಂದರೆ ಜಹೀರಾಬಾದ್ ಲೋಕಸಭಾ ಕ್ಷೇತ್ರ. ಗಣಿತದ ಅವಧಿಯಲ್ಲಿ ಕ್ಷೇತ್ರಫಲ, ವಿಜ್ಞಾನದ ಅವಧಿಯಲ್ಲಿ ಕಾಂತಕ್ಷೇತ್ರ, ಸಮಾಜಪಾಠದಲ್ಲಿ ಕೃಷಿಕ್ಷೇತ್ರ ಮತ್ತು ಸೇವಾಕ್ಷೇತ್ರ. ಅಧಿಕಾರಿಗಳು ಕಚೇರಿಯಲ್ಲಿ ಸಿಗದಿದ್ದರೆ ‘ಫೀಲ್ಡಿಗೆ’ ಹೋಗಿರುತ್ತಾರೆ. ಸಂಜೆ ಹುಡುಗರು ಕ್ರಿಕೆಟ್ ಆಡುವಾಗ ಒಬ್ಬನು ಫೀಲ್ಡಿಂಗಿಗೆ ನಿಲ್ಲುತ್ತಾನೆ. ಇಷ್ಟೆಲ್ಲದರ ನಡುವೆ ಶಬ್ದದ ಅರ್ಥವು ಎಲ್ಲಿ ತಿರುಗಿತೆಂದು ಆ ಮಗುವಿಗೆ ಯಾರೂ ಹೇಳುವುದಿಲ್ಲ.

ಮೊದಲು ಹೊಲದ ವಿಚಾರ. ಹಳಗನ್ನಡದಲ್ಲಿ ಇದು ಪೊಲ. ಪಾಲು ಹಾಲಾದಂತೆ, ಪಗಲು ಹಗಲಾದಂತೆ ಪೊಲವು ಹೊಲವಾಯಿತು. ತೆಲುಗು ಮೂಲದ ಪಕಾರವನ್ನು ಉಳಿಸಿಕೊಂಡಿತು. ಆದುದರಿಂದ ನಮ್ಮ ಮಕ್ಕಳು ಮನೆಯಲ್ಲಿ ಹೊಲವೆಂದೂ ಬೀದಿಯಲ್ಲಿ ಪೊಲಂ ಎಂದೂ ಹೇಳುವಾಗ ಎರಡು ಶಬ್ದಗಳನ್ನಲ್ಲ, ಒಂದೇ ಶಬ್ದದ ಎರಡು ರೂಪಗಳನ್ನು ಬಳಸುತ್ತಿರುತ್ತಾರೆ. ಉರ್ದುವಿನ ಖೇತ್ ಸಂಸ್ಕೃತದ ಕ್ಷೇತ್ರವೇ ಪ್ರಾಕೃತದ ಮೂಲಕ ಹಾದು ಬಂದ ರೂಪ. ಇಲ್ಲೊಂದು ಎಚ್ಚರಿಕೆಯೂ ಬೇಕು: ನಾರಾಯಣಖೇಡದ ‘ಖೇಡ’ಕ್ಕೂ ಖೇತ್‌ಗೂ ಧ್ವನಿ ಹತ್ತಿರವೆಂದು ಎರಡನ್ನೂ ಒಂದೆನ್ನಲಾಗದು. ಮಳಖೇಡವು ಮಾನ್ಯಖೇಟವಾಗಿದ್ದಂತೆ, ಖೇಡವೆಂಬುದು ಊರನ್ನು ಸೂಚಿಸುವ ಖೇಟ ಶಬ್ದದಿಂದ ಬಂದುದು.

ಮಳಖೇಡದ ಹೆಸರು ಬಂದುದರಿಂದ ಅಲ್ಲಿ ತುಸು ನಿಲ್ಲೋಣ. ತಾಂಡೂರಿನ ಶಿಕ್ಷಕರು ವಾಡಿಯ ಕಡೆಗೆ ರೈಲಿನಲ್ಲಿ ಹೋಗುವಾಗ ಸೇಡಂ ದಾಟಿದ ಮೇಲೆ ಆ ನಿಲ್ದಾಣವನ್ನು ನೋಡಿರುತ್ತೀರಿ. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಆ ಊರಿನ ಅರಸ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಕ್ರಿ. ಶ. 850ರ ಸುಮಾರಿಗೆ, ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ವನ್ನು ಸಂಸ್ಕೃತದಲ್ಲಿ ರಚಿಸಿದನು. ಅದರಲ್ಲಿ ಕ್ಷೇತ್ರಗಣಿತಕ್ಕೆ ಒಂದು ಪ್ರತ್ಯೇಕ ಅಧ್ಯಾಯವಿದೆ. ಅಲ್ಲಿ ಕ್ಷೇತ್ರವೆಂದರೆ ಉಳುವ ನೆಲ ಮಾತ್ರವಲ್ಲ, ಗೆರೆಗಳಿಂದ ಸುತ್ತುವರಿದ ಯಾವುದೇ ಆಕೃತಿ. ತ್ರಿಭುಜವೂ ಕ್ಷೇತ್ರ, ವೃತ್ತವೂ ಕ್ಷೇತ್ರ. ಯವದ ಕಾಳಿನಾಕಾರ, ಮುರಜ ಮತ್ತು ಪಣವವೆಂಬ ವಾದ್ಯಗಳ ಆಕಾರ, ವಜ್ರಾಯುಧದ ಆಕಾರ ಮೊದಲಾದ ಆಕೃತಿಗಳ ಅಳತೆಗೂ ಆತನು ಕ್ರಮವನ್ನು ಹೇಳುತ್ತಾನೆ. ಉಳುವ ಹೊಲವು ಕಾಗದದ ಮೇಲಿನ ಆಕೃತಿಯಾದದ್ದು ಹೀಗೆ. ಆ ಆಕೃತಿಯನ್ನು ಅಳೆದಾಗ ದೊರೆಯುವ ಫಲವೇ ಕ್ಷೇತ್ರಫಲ. ಮುಂದೆ ಪಾವುಲೂರಿ ಮಲ್ಲನನು ಈ ಗ್ರಂಥವನ್ನು ತೆಲುಗಿಗೆ ತಂದನು. ಕನ್ನಡದಲ್ಲಿ ಹನ್ನೆರಡನೆಯ ಶತಮಾನದ ರಾಜಾದಿತ್ಯನು ‘ಕ್ಷೇತ್ರಗಣಿತ’ವೆಂಬ ಹೆಸರಿನ ಗ್ರಂಥವನ್ನೇ ಬರೆದನು. ನಮ್ಮ ಶಾಲೆಗಳು ನಿಂತಿರುವ ಈ ಗಡಿಸೀಮೆಯ ಎರಡು ಭಾಷೆಗಳೂ ಹೊಲದ ಗಣಿತವನ್ನು ಒಂದೇ ಮನೆಯಿಂದ ಪಡೆದಿವೆ ಎಂದು ಮಕ್ಕಳಿಗೆ ಹೇಳಿ ನೋಡಿ. ಗಣಿತದ ಅವಧಿಯಲ್ಲಿ ಅವರ ಮುಖ ಅರಳುವುದು ಅಪರೂಪ, ಇಲ್ಲಿ ಅರಳುತ್ತದೆ.

ಕ್ಷೇತ್ರಫಲವನ್ನು ಕಲಿಸಲು ನಮಗೆ ಬೇರೆ ಸಾಧನ ಬೇಕಿಲ್ಲ. ಒಂದು ಗುಂಟೆಯೆಂದರೆ 33 ಅಡಿ ಉದ್ದ, 33 ಅಡಿ ಅಗಲದ ಚೌಕ, ಅಂದರೆ 1,089 ಚದರ ಅಡಿ. ಅಂಥ 40 ಗುಂಟೆ ಸೇರಿದರೆ 43,560 ಚದರ ಅಡಿ, ಅದೇ ಒಂದು ಎಕರೆ. ಹಗ್ಗವೊಂದನ್ನು ಹಿಡಿದು ಶಾಲೆಯ ಅಂಗಳದಲ್ಲಿ ಗುಂಟೆಯನ್ನು ಗುರುತಿಸಿದ ಮಗು ಚದರ ಮಾನವನ್ನು ಮರೆಯುವುದಿಲ್ಲ.

ಲೋಕಸಭಾ ಕ್ಷೇತ್ರದ ಮಾತು ಬೇರೆ. 2008ರ ಪುನರ್ವಿಂಗಡಣೆಯಲ್ಲಿ ರೂಪುಗೊಂಡು 2009ರಲ್ಲಿ ಮೊದಲ ಚುನಾವಣೆಯನ್ನು ಕಂಡ ಜಹೀರಾಬಾದ್ ಕ್ಷೇತ್ರಕ್ಕೆ ಭೂಪಟದಲ್ಲಿ ಎಲ್ಲೆಯಿದೆ ನಿಜ. ಆದರೆ ಅದನ್ನು ನಾವು ಎಣಿಸುವುದು ಎಕರೆಗಳಲ್ಲಿ ಅಲ್ಲ, ಮತದಾರರಲ್ಲಿ. ತೆಲುಗಿನಲ್ಲಿ ಇದು ನಿಯೋಜಕವರ್ಗಂ, ಉರ್ದುವಿನಲ್ಲಿ ಹಲ್ಕಾ. ಎರಡರಲ್ಲಿಯೂ ಹೊಲದ ನೆನಪಿಲ್ಲ. ಕನ್ನಡವೊಂದೇ ಇಲ್ಲಿ ಕ್ಷೇತ್ರವೆನ್ನುತ್ತದೆ. ಇಂಗ್ಲಿಷಿನಲ್ಲಿಯೂ ಇದು ‘ಫೀಲ್ಡ್’ ಅಲ್ಲ, ‘ಕಾನ್‌ಸ್ಟಿಟ್ಯುಯೆನ್ಸಿ’. ಕೃಷಿಕ್ಷೇತ್ರ, ಸೇವಾಕ್ಷೇತ್ರ ಎಂಬಲ್ಲಿ ಅರ್ಥಶಾಸ್ತ್ರದ ಇಂಗ್ಲಿಷ್ ಶಬ್ದ ‘ಸೆಕ್ಟರ್’. ಆ ‘ಸೆಕ್ಟರ್’ ರೇಖಾಗಣಿತಕ್ಕೆ ಬಂದರೆ ವೃತ್ತದ ತ್ರಿಜ್ಯಾಂತರ ಖಂಡವಾಗುತ್ತದೆ. ಹೀಗೆ ಇಂಗ್ಲಿಷಿನ ಒಂದು ಶಬ್ದಕ್ಕೆ ಹಲವು ಅರ್ಥಗಳಿರುವುದು ತೊಂದರೆಯ ಅರ್ಧಭಾಗ ಮಾತ್ರ. ಇಂಗ್ಲಿಷಿನ ಐದಾರು ಶಬ್ದಗಳನ್ನು ನಮ್ಮ ಒಂದೇ ಕ್ಷೇತ್ರವು ಹೊತ್ತು ನಿಂತಿರುವುದು ಉಳಿದರ್ಧ. ಕೃಷಿ ಇಲಾಖೆಯವರು ‘ಫೀಲ್ಡ್ ಡೇ’ ಎಂಬುದನ್ನು ಕನ್ನಡದಲ್ಲಿ ಕ್ಷೇತ್ರೋತ್ಸವ ಎಂದಿದ್ದಾರೆ. ಆ ಆಮಂತ್ರಣವನ್ನು ಓದಿ ಯಾರಾದರೂ ಕಾಯಿ ಕರ್ಪೂರಗಳೊಡನೆ ಬಂದರೆ ತಪ್ಪು ಅವರದಲ್ಲ.

ಈಗ ಭೌತವಿಜ್ಞಾನಕ್ಕೆ ಬರುತ್ತೇನೆ. ತೊಡಕು ಹೆಚ್ಚು ಇರುವುದು ಇಲ್ಲಿಯೇ. ಕಮ್ಮಾರನ ಮಗನಾಗಿ ಹುಟ್ಟಿ, ಪುಸ್ತಕಕ್ಕೆ ರಟ್ಟು ಕಟ್ಟುವ ಕೆಲಸ ಕಲಿತು, ಆ ಪುಸ್ತಕಗಳನ್ನು ಓದುತ್ತಲೇ ವಿಜ್ಞಾನಿಯಾದ ಮೈಕೆಲ್ ಫ್ಯಾರಡೆಯು 1845ರಲ್ಲಿ ಕಾಂತದ ಸಂಬಂಧದಲ್ಲಿ ‘ಫೀಲ್ಡ್’ ಶಬ್ದವನ್ನು ಬಳಸಿದನು. ಜೇಮ್ಸ್ ಕ್ಲಾರ್ಕ್ ಮ್ಯಾಕ್ಸ್‌ವೆಲ್‌ನು 1865ರ ತನ್ನ ಪ್ರಬಂಧದ ಶೀರ್ಷಿಕೆಯಲ್ಲಿಯೇ ಅದನ್ನು ಇರಿಸಿ ಅದಕ್ಕೆ ಗಣಿತದ ರೂಪವನ್ನು ಕೊಟ್ಟನು. ಇಂದಿನ ಭೌತವಿಜ್ಞಾನದಲ್ಲಿ ಆ ಶಬ್ದದ ಅರ್ಥ ಸ್ಥಿರವಾಗಿದೆ. ಕ್ಷೇತ್ರವೆಂದರೆ ಸ್ಥಳವಲ್ಲ, ಸ್ಥಳದ ಒಂದೊಂದು ಬಿಂದುವಿನಲ್ಲಿಯೂ ಇರುವ ಒಂದು ಪರಿಮಾಣ. ನನ್ನ ಕರಿಹಲಗೆಯ ವ್ಯಾಖ್ಯೆಯಲ್ಲಿ ತಪ್ಪಿಹೋಗಿದ್ದುದು ಈ ಭೇದ. ಕಾಂತದ ಸುತ್ತಲಿನ ಪ್ರದೇಶದಲ್ಲಿ ಕಾಂತಕ್ಷೇತ್ರ ‘ಇದೆ’ ಎಂದರೆ ಸರಿ, ಆ ಪ್ರದೇಶವೇ ಕಾಂತಕ್ಷೇತ್ರ ಎಂದರೆ ತಪ್ಪು.

ಇದನ್ನು ತಿಳಿಸಲು ಮತ್ತೆ ಹೊಲಕ್ಕೇ ಹೋಗಬೇಕು, ಆದರೆ ಬೇರೆ ಕಣ್ಣಿನಿಂದ. ಜೋಳದ ಹೊಲದ ಬದುವಿನ ಮೇಲೆ ಮಕ್ಕಳನ್ನು ನಿಲ್ಲಿಸಿ. ಗಾಳಿ ಬೀಸುತ್ತದೆ. ಒಂದೊಂದು ದಂಟೂ ತಾನು ನಿಂತಲ್ಲಿಯೇ ಒಂದು ದಿಕ್ಕಿಗೆ ಒಂದಿಷ್ಟು ಬಾಗುತ್ತದೆ. ಮರದ ಮರೆಯಲ್ಲಿರುವುದು ಸ್ವಲ್ಪ ಬಾಗುತ್ತದೆ, ಬಯಲಿಗೆ ನಿಂತದ್ದು ಹೆಚ್ಚು ಬಾಗುತ್ತದೆ. ಎಲ್ಲ ದಂಟುಗಳ ಬಾಗುವಿಕೆಯನ್ನು ಒಟ್ಟಾಗಿ ನೋಡಿದರೆ ಗಾಳಿಯ ಕ್ಷೇತ್ರವು ಕಣ್ಣಿಗೆ ಬೀಳುತ್ತದೆ. ನೆಲವು ಹೊಲ, ಆ ಬಾಗುವಿಕೆಯು ಕ್ಷೇತ್ರ. ಮಧ್ಯಾಹ್ನ ಗಾಳಿ ನಿಂತರೆ ಹೊಲವು ಹಾಗೆಯೇ ಇರುತ್ತದೆ, ಕ್ಷೇತ್ರವು ಇಲ್ಲವಾಗುತ್ತದೆ. ಈ ಒಂದು ವಾಕ್ಯವನ್ನು ಮಕ್ಕಳು ತಮ್ಮ ಮಾತಿನಲ್ಲಿ ತಿರುಗಿ ಹೇಳಿದರೆ ಅರ್ಧ ಪಾಠ ಮುಗಿಯಿತು. ಅದೇ ನೆಲದ ಬೇರೆ ಬೇರೆ ಕಡೆ ಬೆರಳೂರಿ ತೇವವನ್ನು ನೋಡಿದರೆ ಅದು ಇನ್ನೊಂದು ಕ್ಷೇತ್ರ. ಅಲ್ಲಿ ದಿಕ್ಕಿಲ್ಲ, ಹೆಚ್ಚು ಕಡಿಮೆ ಮಾತ್ರ ಇದೆ. ದಿಕ್ಕುಳ್ಳ ಸದಿಶ ಕ್ಷೇತ್ರಕ್ಕೂ ದಿಕ್ಕಿಲ್ಲದ ಅದಿಶ ಕ್ಷೇತ್ರಕ್ಕೂ ಇರುವ ವ್ಯತ್ಯಾಸವು ಹೀಗೆ ಬೆರಳಿಗೇ ತಿಳಿಯುತ್ತದೆ.

ಪಸ್ತಾಪುರದ ಸುತ್ತ ಈ ದೃಷ್ಟಾಂತವು ಇನ್ನೂ ಸುಲಭ. ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಸಂಘಗಳ ಮಹಿಳೆಯರು ಒಂದೇ ಹೊಲದಲ್ಲಿ ಹಲವು ಬೆಳೆಗಳನ್ನು ಬೆರೆಸಿ ಬಿತ್ತುವುದನ್ನು ನೀವೆಲ್ಲ ನೋಡಿದ್ದೀರಿ. ಒಂದೇ ನೆಲ ಜೋಳಕ್ಕೂ ತೊಗರಿಗೂ ನವಣೆಗೂ ಸ್ಥಳ ಕೊಡುವಂತೆ, ಒಂದೇ ಬಿಂದುವಿನಲ್ಲಿ ಗುರುತ್ವಕ್ಷೇತ್ರ, ಕಾಂತಕ್ಷೇತ್ರ, ವಿದ್ಯುತ್ ಕ್ಷೇತ್ರಗಳು ಒಟ್ಟಿಗೆ ಇರಬಲ್ಲವು. ಬೆಳೆಗಳಾದರೂ ನೀರಿಗೆ, ಬಿಸಿಲಿಗೆ ಒಂದಿಷ್ಟು ಪೈಪೋಟಿ ನಡೆಸುತ್ತವೆ, ಕ್ಷೇತ್ರಗಳಿಗೆ ಆ ತೊಂದರೆಯಿಲ್ಲ. ಹತ್ತಿರದ ಮಾಚನೂರಿನಿಂದ ಅದೇ ಮಹಿಳೆಯರು ನಡೆಸುವ ಸಂಗಂ ರೇಡಿಯೊ 2008ರ ಅಕ್ಟೋಬರ್ 15ರಂದು ಪ್ರಸಾರವನ್ನು ಆರಂಭಿಸಿತು. ಅದರ ಆವೃತ್ತಿ 90.4 ಮೆಗಾಹರ್ಟ್ಸ್. ಅಂದರೆ ಪ್ರಸಾರದ ಹೊತ್ತಿನಲ್ಲಿ ಈ ಹೊಲಗಳ ಮೇಲಿನ ಗಾಳಿಯ ಪ್ರತಿಯೊಂದು ಬಿಂದುವಿನಲ್ಲಿಯೂ ವಿದ್ಯುತ್ ಕ್ಷೇತ್ರವು ಸೆಕೆಂಡಿಗೆ 9 ಕೋಟಿ 4 ಲಕ್ಷ ಸಲ ಅತ್ತಿತ್ತ ತೂಗುತ್ತದೆ. ದಂಟು ಬಾಗುವುದಿಲ್ಲ, ಕಾಳು ಅಲುಗುವುದಿಲ್ಲ. ರೇಡಿಯೊ ಮಾತ್ರ ಅದನ್ನು ಗುರುತಿಸುತ್ತದೆ. ಲೆಕ್ಕದಲ್ಲಿ ಆಸಕ್ತಿಯುಳ್ಳ ಮಕ್ಕಳಿಗೆ ಆ ತರಂಗದ ಉದ್ದವನ್ನೂ ಕಂಡುಹಿಡಿಯಲು ಹೇಳಿ: ಬೆಳಕಿನ ವೇಗವನ್ನು ಆವೃತ್ತಿಯಿಂದ ಭಾಗಿಸಿದರೆ ಸುಮಾರು 3.3 ಮೀಟರು ಬರುತ್ತದೆ. ಮೂರು ತರಂಗಗಳನ್ನು ಸಾಲಾಗಿ ಇಟ್ಟರೆ ಹೆಚ್ಚು ಕಡಿಮೆ ಒಂದು ಗುಂಟೆಯ ಬದಿ. ಇದು ಕೇವಲ ಕಾಕತಾಳೀಯವಾದರೂ ನನಗೆ ಬಹಳ ಪ್ರಿಯವಾದ ಲೆಕ್ಕ.

ಹೋಲಿಕೆಯು ಎಲ್ಲಿ ಮುರಿಯುತ್ತದೆಂಬುದನ್ನೂ ನಾವೇ ಹೇಳಬೇಕು. ಹೇಳದಿದ್ದರೆ ಮಗು ಅದನ್ನು ಇನ್ನೂ ದೂರ ಎಳೆದೊಯ್ಯುತ್ತದೆ. ಹೊಲಕ್ಕೆ ಬದುವಿದೆ, ಕಾಂತಕ್ಷೇತ್ರಕ್ಕೆ ಬದುವಿಲ್ಲ. ದೂರ ಹೋದಂತೆ ಅದು ಕ್ಷೀಣಿಸುತ್ತದೆ, ಇಲ್ಲಿಗೆ ಮುಗಿಯಿತೆನ್ನುವ ಗೆರೆ ಎಲ್ಲಿಯೂ ಸಿಗದು. ಇನ್ನು ಬಲರೇಖೆಗಳು. ಕಾಗದದ ಮೇಲೆ ಕಬ್ಬಿಣದ ಪುಡಿ ಉದುರಿಸಿದಾಗ ಮೂಡುವ ಗೆರೆಗಳನ್ನು ನೋಡಿ ನಮ್ಮ ಮಕ್ಕಳು ಅವನ್ನು ಕೂರಿಗೆಯ ಸಾಲುಗಳಂತೆ ತಿಳಿಯುತ್ತಾರೆ. ಎರಡು ಸಾಲುಗಳ ನಡುವೆ ಬೀಜವಿಲ್ಲದಂತೆ ಎರಡು ಬಲರೇಖೆಗಳ ನಡುವೆ ಕ್ಷೇತ್ರವಿಲ್ಲವೆಂದು ಬರೆದ ಉತ್ತರಪತ್ರಿಕೆಗಳನ್ನು ನಾನು ತಿದ್ದಿದ್ದೇನೆ. ರೇಖೆಗಳು ನಾವು ಎಳೆದುಕೊಂಡವು. ಹತ್ತು ಎಳೆದರೂ ನೂರು ಎಳೆದರೂ ನಡುವಿನ ಎಡೆಯಲ್ಲೆಲ್ಲ ಕ್ಷೇತ್ರವು ಇದ್ದೇ ಇರುತ್ತದೆ.

ಇಷ್ಟಾದ ಮೇಲೆ ಎಕರೆಯ ಪ್ರಶ್ನೆಗೆ ಉತ್ತರ ಹೇಳಬಹುದು. ಕಾಂತಕ್ಷೇತ್ರವನ್ನು ಅಳೆಯುವ ಮಾನ ಎಕರೆಯಲ್ಲ, ಟೆಸ್ಲಾ. ನಾವು ಕುಳಿತಿರುವ ಈ ಜಾಗದಲ್ಲಿ ಭೂಮಿಯ ಕಾಂತಕ್ಷೇತ್ರವು 40 ಮೈಕ್ರೊಟೆಸ್ಲಾಗಿಂತ ತುಸು ಹೆಚ್ಚು. ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯು ಅದನ್ನು ನಿರಂತರವಾಗಿ ಅಳೆಯುತ್ತಿದೆ. ‘ಎಷ್ಟು ಎಕರೆ’ ಎಂಬ ಪ್ರಶ್ನೆಯಲ್ಲಿ ‘ಎಷ್ಟು’ ಎಂಬುದು ಪೂರ್ಣವಾಗಿ ಸರಿಯಾಗಿತ್ತು, ‘ಎಕರೆ’ಯೊಂದನ್ನು ಮಾತ್ರ ತಿದ್ದಬೇಕಾಗಿತ್ತು. ಆ ಕಾರಣದಿಂದಲೇ ಇಂದು ನನ್ನ ಬಳಿ ಇರುವ ಒಂದೇ ಸೂತ್ರವು ಆ ಹುಡುಗಿಯದು: ಕ್ಷೇತ್ರವೆಂಬ ಶಬ್ದವು ಎದುರಾದಾಗಲೆಲ್ಲ ‘ಇದನ್ನು ಯಾವುದರಲ್ಲಿ ಅಳೆಯುತ್ತೇವೆ’ ಎಂದು ಕೇಳಿ. ಎಕರೆ ಗುಂಟೆಗಳಾದರೆ ಹೊಲ. ಚದರ ಮೀಟರಾದರೆ ವಿಸ್ತೀರ್ಣ. ಕಿಲೋಗ್ರಾಮಿಗೆ ಇಷ್ಟು ನ್ಯೂಟನ್ ಎಂದಾದರೆ ಗುರುತ್ವಕ್ಷೇತ್ರ, ಕೂಲಂಬಿಗೆ ಇಷ್ಟು ನ್ಯೂಟನ್ ಎಂದಾದರೆ ವಿದ್ಯುತ್ ಕ್ಷೇತ್ರ. ಡಿಗ್ರಿಯಾದರೆ ಕಣ್ಣಿನ ಅಥವಾ ದೂರದರ್ಶಕದ ದೃಷ್ಟಿಕ್ಷೇತ್ರ. ಮತದಾರರ ಸಂಖ್ಯೆಯಾದರೆ ಲೋಕಸಭೆ. ಪುಣ್ಯಕ್ಷೇತ್ರವನ್ನು ಅಳೆಯುವ ಮಾನ ನನ್ನ ಬಳಿ ಇಲ್ಲ, ಅದನ್ನು ಭಕ್ತರಿಗೆ ಬಿಡೋಣ.

ಈ ಸೂತ್ರವು ಅತ್ಯಗತ್ಯವಾಗುವ ಜಾಗವೊಂದಿದೆ: ಕಾಂತ ಅಭಿವಾಹದ ಪಾಠ. ಕಾಂತಕ್ಷೇತ್ರವನ್ನು, ಅದಕ್ಕೆ ಲಂಬವಾಗಿರುವ ತಲದ ಕ್ಷೇತ್ರಫಲದಿಂದ ಗುಣಿಸಿದರೆ ಅಭಿವಾಹ ದೊರೆಯುತ್ತದೆ ಎಂದು ನಾವು ಹೇಳುತ್ತೇವೆ. ಕೇಳುವ ಮಗುವಿಗೆ ಇದು ಕ್ಷೇತ್ರವನ್ನು ಕ್ಷೇತ್ರದಿಂದಲೇ ಗುಣಿಸಿದಂತೆ ಕೇಳಿಸುತ್ತದೆ. ಇಂಗ್ಲಿಷಿನಲ್ಲಿ ಇವು ‘ಫೀಲ್ಡ್’ ಮತ್ತು ‘ಏರಿಯಾ’, ಗೊಂದಲಕ್ಕೆ ಆಸ್ಪದವಿಲ್ಲ. ತೆಲುಗಿನಲ್ಲಿ ಕ್ಷೇತ್ರಂ ಮತ್ತು ವೈಶಾಲ್ಯಂ, ಅಲ್ಲಿಯೂ ಇಲ್ಲ. ಕನ್ನಡದಲ್ಲಿ ವಿಸ್ತೀರ್ಣ, ಕ್ಷೇತ್ರಫಲ ಎರಡೂ ಬಳಕೆಯಲ್ಲಿರುವುದರಿಂದ, ಭೌತವಿಜ್ಞಾನದ ಅವಧಿಯಲ್ಲಾದರೂ ವಿಸ್ತೀರ್ಣವನ್ನೇ ಬಳಸಬೇಕೆಂಬುದು ನನ್ನ ಆಗ್ರಹದ ಬಿನ್ನಹ. ಕ್ಷೇತ್ರಫಲವನ್ನು ಗಣಿತದವರಿಗೆ ಬಿಡೋಣ, ಅದು ಮಹಾವೀರಾಚಾರ್ಯನಿಂದ ಅವರಿಗೆ ಬಂದ ಆಸ್ತಿ. ಟೆಸ್ಲಾವನ್ನು ಚದರ ಮೀಟರಿನಿಂದ ಗುಣಿಸಿದರೆ ವೆಬರ್ ಎಂದು ಮಾನಗಳನ್ನು ಪಕ್ಕಪಕ್ಕದಲ್ಲಿ ಬರೆದರೆ ಉಳಿದ ಗೊಂದಲವೂ ಕರಗುತ್ತದೆ. ಇದನ್ನು ಸಣ್ಣ ವಿಷಯವೆಂದು ತಳ್ಳಿಹಾಕಬೇಡಿ. ನಮ್ಮಲ್ಲಿ ಹತ್ತನೆಯ ತರಗತಿ ಮುಗಿಸಿದ ಮಗು ಇಂಟರ್ಮೀಡಿಯೆಟ್‌ನಲ್ಲಿ ವಿಜ್ಞಾನವನ್ನು ಆರಿಸಿಕೊಂಡರೆ ಬಹುಮಟ್ಟಿಗೆ ಇಂಗ್ಲಿಷಿನಲ್ಲಿಯೇ ಓದಬೇಕು. ‘ಫೀಲ್ಡ್’ ಅನ್ನೂ ‘ಏರಿಯಾ’ವನ್ನೂ ಒಂದೇ ಕ್ಷೇತ್ರವೆಂದು ತಲೆಯಲ್ಲಿ ಇಟ್ಟುಕೊಂಡು ಹೋದ ಮಗು ಅಲ್ಲಿ ಎಡವಿದರೆ, ಇಂಗ್ಲಿಷ್ ಬರುವುದಿಲ್ಲವೆಂದು ಎಲ್ಲರೂ ಹೇಳುತ್ತಾರೆ. ಅದಕ್ಕೆ ಬಾರದಿರುವುದು ಇಂಗ್ಲಿಷ್ ಅಲ್ಲ. ನಾವು ಬಿಡಿಸಿ ಹೇಳದೆ ಬಿಟ್ಟ ಕನ್ನಡ ಶಬ್ದ ಅದನ್ನು ಎಡವಿಸಿದೆ.

ಉಳಿದ ಎರಡು ಅರ್ಥಗಳನ್ನು ಸಂಕ್ಷೇಪದಲ್ಲಿ ಹೇಳುತ್ತೇನೆ. ಉನ್ನತ ಬೀಜಗಣಿತದಲ್ಲಿ ‘ಫೀಲ್ಡ್’ ಎಂದರೆ, ಕೂಡಿದರೂ ಕಳೆದರೂ ಗುಣಿಸಿದರೂ ಶೂನ್ಯವಲ್ಲದುದರಿಂದ ಭಾಗಿಸಿದರೂ ಹೊರಗೆ ಹೋಗದ ಸಂಖ್ಯೆಗಳ ಗಣ. ಪೂರ್ಣಾಂಕಗಳು ಹಾಗಲ್ಲ, ಒಂದನ್ನು ಎರಡರಿಂದ ಭಾಗಿಸಿದೊಡನೆ ಬದು ದಾಟುತ್ತೇವೆ. ಭಾಗಲಬ್ಧ ಸಂಖ್ಯೆಗಳು ದಾಟುವುದಿಲ್ಲ. ಭೌತವಿಜ್ಞಾನದಲ್ಲಿ ಇಲ್ಲದ ಬದು ಇಲ್ಲಿ ಮತ್ತೆ ಬರುತ್ತದೆಂಬುದನ್ನು ಗಮನಿಸಿ. ಜರ್ಮನಿಯ ಡೆಡೆಕಿಂಡ್‌ನು 1871ರಲ್ಲಿ ಇದನ್ನು ‘ಕ್ಯೋರ್ಪರ್’, ಅಂದರೆ ಶರೀರ, ಎಂದು ಕರೆದಿದ್ದನು. ಅಮೆರಿಕದ ಮೂರ್ ಎಂಬ ಗಣಿತಜ್ಞನು 1893ರಲ್ಲಿ ‘ಫೀಲ್ಡ್’ ಎಂದನು. ಒಂದು ಭಾಷೆಯ ಶರೀರವು ಇನ್ನೊಂದರಲ್ಲಿ ಹೊಲವಾದದ್ದು ವಿಚಿತ್ರವೆನಿಸಬಹುದು. ಭಗವದ್ಗೀತೆಯ ಹದಿಮೂರನೆಯ ಅಧ್ಯಾಯವನ್ನು ಓದಿದವರಿಗೆ ಅಷ್ಟು ವಿಚಿತ್ರವೆನಿಸದು, ಅಲ್ಲಿ ಶರೀರವನ್ನೇ ಕ್ಷೇತ್ರವೆಂದು ಕರೆಯಲಾಗಿದೆ. ಇನ್ನು ಗಣಕಯಂತ್ರದ ನಮೂನೆಗಳಲ್ಲಿ ಹೆಸರು, ಜನ್ಮದಿನಾಂಕಗಳನ್ನು ತುಂಬುವ ಜಾಗವೂ ‘ಫೀಲ್ಡ್’. ಅದನ್ನು ‘ಈ ಕ್ಷೇತ್ರವು ಕಡ್ಡಾಯ’ ಎಂದು ಅನುವಾದಿಸುವುದು ನನಗೆ ಒಪ್ಪಿಗೆಯಿಲ್ಲ. ಅಲ್ಲಿ ಉಳುವುದೂ ಇಲ್ಲ, ಬಲವೂ ಇಲ್ಲ. ‘ಕಲಂ’ ಎಂದರೆ ಶಾಲೆಯ ಹಾಜರಿ ಪುಸ್ತಕವನ್ನು ಬಲ್ಲ ಯಾರಿಗಾದರೂ ತಿಳಿಯುತ್ತದೆ.

ಮಾತು ಸಾಕು. ಈ ಕಟ್ಟಡದ ಹಿಂದೆ ಜೋಳದ ಹೊಲವಿದೆ, ಒಡತಿಯವರ ಅನುಮತಿಯನ್ನು ಪಡೆದಿದ್ದೇನೆ. ಈ ಪೆಟ್ಟಿಗೆಯಲ್ಲಿ ಹನ್ನೆರಡು ದಿಕ್ಸೂಚಿಗಳೂ ಒಂದು ದಂಡಕಾಂತವೂ ಇವೆ. ಐವರಿಗೊಂದು ಗುಂಪಾಗಿ, ಬದುವಿನುದ್ದಕ್ಕೆ ಹತ್ತು ಹೆಜ್ಜೆಗೊಮ್ಮೆ ನಿಂತು ಮುಳ್ಳು ಯಾವ ಕಡೆಗೆ ತಿರುಗುತ್ತದೆಂದು ಕಾಗದದ ಮೇಲೆ ಬಾಣದ ಗುರುತು ಹಾಕಿ. ಅನಂತರ ದಂಡಕಾಂತವನ್ನು ನೆಲದ ಮೇಲಿರಿಸಿ, ಅದರ ಸುತ್ತ ಒಂದೊಂದು ಗೇಣಿಗೆ ದಿಕ್ಸೂಚಿಯನ್ನು ಸರಿಸುತ್ತ ಮತ್ತೊಮ್ಮೆ ಗುರುತಿಸಿ. ಎರಡು ಕಾಗದಗಳನ್ನೂ ಪಕ್ಕದಲ್ಲಿ ಇಟ್ಟು ನೋಡಿದ ಮೇಲೆ, ನಿಮ್ಮ ತರಗತಿಯ ಮಗುವೊಂದು ‘ಇದು ಎಷ್ಟು ಎಕರೆ’ ಎಂದು ಕೇಳಿದರೆ ಯಾವ ಉತ್ತರ ಕೊಡುವಿರೆಂದು ಕಾಗದದ ಹಿಂಬದಿಯಲ್ಲಿ ನಿಮ್ಮದೇ ಮಾತಿನಲ್ಲಿ ಬರೆಯಿರಿ. ಜೋಳ ತೆನೆಗೆ ಬಂದಿದೆ, ದಂಟು ತುಳಿಯದಂತೆ ಬದುವಿನ ಮೇಲೆಯೇ ನಡೆಯಬೇಕೆಂದು ಒಡತಿಯವರು ಹೇಳಿಕಳುಹಿಸಿದ್ದಾರೆ.